ಅಪ್ಪನ ಅಳತೆಯ ಹೋಲ್‌ಸ್ಟರ್

ಆ ಹೋಲ್‌ಸ್ಟರಿನ ಬೆಲೆ ಎರಡು ಸಾವಿರದ ಆರುನೂರು ರೂಪಾಯಿ. ನಿಜ ಹೇಳಬೇಕೆಂದರೆ ಎರಡು ಸಾವಿರಕ್ಕೇ ನನಗೆ ಗಿಟ್ಟುತ್ತಿತ್ತು. ಮೇಲಿನ ಆರುನೂರು ಚೌಕಾಶಿಗೆಂದು ಬಿಟ್ಟ ಜಾಗ. ಗಿರಾಕಿ ಎಳೆಯಬೇಕು, ನಾನು ಸಡಿಲಿಸಬೇಕು, ನಡುವೆ ಒಂದು ಚಹಾ ಆಗಬೇಕು. ವ್ಯಾಪಾರ ಎಂದರೆ ಅದೇ ಎಂದು ನಂಬಿ ಬದುಕಿದವನು ನಾನು. ಆದರೆ ಆ ಹುಡುಗಿ ಹೇಳಿದ ಬೆಲೆಯನ್ನು ಹೇಳಿದ ಹಾಗೆಯೇ ತೆಗೆದು ಗಾಜಿನ ಮೇಜಿನ ಮೇಲೆ ಇಟ್ಟುಬಿಟ್ಟಳು. ಅವಳ ಜಾಗದಲ್ಲಿ ಅವಳ ಅಪ್ಪ ಬಸವರಾಜರು ಇದ್ದಿದ್ದರೆ ಒಂದು ಸಾವಿರದಿಂದ ಶುರು ಮಾಡುತ್ತಿದ್ದರು.

ತೆಲಂಗಾಣ ಹೊಸ ರಾಜ್ಯವಾದ ಮರುವರ್ಷದ ಬೇಸಿಗೆ ಅದು. ಹೈದರಾಬಾದಿನ ನಾರಾಯಣಗೂಡದಲ್ಲಿ ನನ್ನ ಅಂಗಡಿ. ಪೊಲೀಸರಿಗೆ, ಬ್ಯಾಂಕಿನ ಗನ್‌ಮ್ಯಾನ್‌ಗಳಿಗೆ ಬೇಕಾದ ಬೆಲ್ಟು, ಬಿಲ್ಲೆ, ಬೂಟಿನ ಪಾಲಿಶು, ಎಲ್ಲಕ್ಕಿಂತ ಹೆಚ್ಚಾಗಿ ಹೋಲ್‌ಸ್ಟರು. ಹೋಲ್‌ಸ್ಟರ್ ಎಂದರೆ ಪಿಸ್ತೂಲನ್ನು ಸೊಂಟದಲ್ಲಿ ಭದ್ರವಾಗಿ ಹಿಡಿದಿಡುವ ತೊಗಲಿನ ಒರೆ. ಅದರಿಂದ ಪಿಸ್ತೂಲು ಹೊರತೆಗೆಯುವ ಕ್ರಿಯೆಗೆ ಡ್ರಾ ಎನ್ನುತ್ತಾರೆ. ಒಬ್ಬೊಬ್ಬರ ಡ್ರಾ ಒಂದೊಂದು ಥರ, ನಡಿಗೆ ಇದ್ದ ಹಾಗೆ. ಮುದ್ದೇಬಿಹಾಳದ ಕಡೆಯಿಂದ ಬಂದು, ಫುಟ್‌ಪಾತಿನಲ್ಲಿ ಬೆಲ್ಟುಗಳಿಗೆ ತೂತು ಹಾಕಿಕೊಡುತ್ತ ಕೂತವನು ನಾನು. ಎರಡು ಸೂಜಿ ಹಿಡಿದು ತೊಗಲು ಹೊಲಿಯುವುದನ್ನು ಯಾರ ಹತ್ತಿರವೂ ಕಲಿಯಲಿಲ್ಲ. ಹಳೆಯ ಬೆಲ್ಟು ಬಿಚ್ಚಿ ನೋಡಿ ಕಲಿತೆ.

ಬಸವರಾಜರು ಹೆಡ್ ಕಾನ್‌ಸ್ಟೇಬಲ್. ನಮ್ಮ ಸೀಮೆಯವರೇ. ತಿಂಗಳಿಗೊಮ್ಮೆ ಬೆಲ್ಟಿನ ಬಕಲ್ ಸಡಿಲಾಯಿತೆಂದೋ, ಗುಂಡಿ ಹೋಯಿತೆಂದೋ ನೆಪ ಮಾಡಿಕೊಂಡು ಬರುತ್ತಿದ್ದರು. ಬಾಗಿಲಲ್ಲೇ ಮಾತು ಶುರು.

"ಏನ್ರಿ ಸಾವ್ಕಾರ್ರ, ಇದು ಎಮ್ಮಿ ತೊಗಲೋ, ನಿಮ್ಮ ಮೈ ತೊಗಲೋ? ಇಷ್ಟ ದಪ್ಪ ಐತಿ."

"ನಂದಾಗಿದ್ರ ಇನ್ನೂ ನೂರು ಜಾಸ್ತಿ ಹೇಳ್ತಿದ್ದೆ ಬಸಣ್ಣ."

ಒಂದು ತಾಸು ಎಳೆದಾಡಿ ನಲವತ್ತು ರೂಪಾಯಿ ಇಳಿಸಿಕೊಳ್ಳುವರು. ಆ ನಲವತ್ತರಲ್ಲಿ ನನಗೇ ಚಹಾ, ಬಿಸ್ಕೀಟು ತರಿಸುವರು. ನಿವೃತ್ತಿಗೆ ಎರಡು ವರ್ಷ ಇರುವಾಗ ಎದೆನೋವು ಬಂದು ಹೋಗಿಬಿಟ್ಟರು. ಆಮೇಲೆ ಅಂಗಡಿಯಲ್ಲಿ ದಿನವೆಲ್ಲ ದಖ್ಖನಿ ಉರ್ದು ಇಲ್ಲವೆ ತೆಲುಗು. ಚೌಕಾಶಿ ಮಾಡುವವರು ಬಂದರು, ಹೋದರು. ಹಣ ಉಳಿಸಲು ಮಾಡುವವರೇ ಎಲ್ಲರೂ. ಮಾತಿಗಾಗಿ ಚೌಕಾಶಿ ಮಾಡುವವರು ಮತ್ತೆ ಸಿಗಲಿಲ್ಲ.

ಅದಾದ ಮೂರು ವರ್ಷಕ್ಕೆ ಒಂದು ಮಧ್ಯಾಹ್ನ, ಟವಲಿನಲ್ಲಿ ಏನೋ ಸುತ್ತಿಕೊಂಡು ಒಬ್ಬ ಹುಡುಗಿ ಬಂದು ನಿಂತಳು.

"ಕಾಕಾ, ನಾ ಬಸವರಾಜರ ಮಗಳು ರಿ. ವಿಜಯಾ."

ತಾನೂ ಕಾನ್‌ಸ್ಟೇಬಲ್ ಆಗಿದ್ದೇನೆ, ಗಣ್ಯರ ಜೊತೆ ಇರುವ ಭದ್ರತಾ ಕೆಲಸಕ್ಕೆ ಹೆಸರು ಹೋಗಿದೆ, ಹದಿನಾಲ್ಕು ದಿನಕ್ಕೆ ಪರೀಕ್ಷೆ ಎಂದಳು. ನಿಂತು ಒಮ್ಮೆ, ಕಾರಿನ ಮುಂದಿನ ಸೀಟಿನಲ್ಲಿ ಕೂತು ಒಮ್ಮೆ ಪಿಸ್ತೂಲು ತೆಗೆದು ಗುರಿ ಹಿಡಿಯಬೇಕು, ಎರಡೆರಡು ಸೆಕೆಂಡಿನೊಳಗೆ. ಆಗದಿದ್ದರೆ ಠಾಣೆಯ ಕಡತಗಳ ಕೋಣೆಗೆ ವಾಪಸ್. ಸಾದಾ ಉಡುಪಿನ ಕೆಲಸವಾದ್ದರಿಂದ ಹೋಲ್‌ಸ್ಟರನ್ನು ತಮಗೆ ಬೇಕಾದಂತೆ ಮಾಡಿಸಿಕೊಳ್ಳಲು ಬಿಟ್ಟಿದ್ದರು.

ಟವಲು ಬಿಚ್ಚಿದಳು. ಒಳಗೆ ಬಸವರಾಜರ ಹೋಲ್‌ಸ್ಟರು. ನಾನೇ ಹೊಲಿದದ್ದು.

"ಪಿಸ್ತೂಲು ಅದ ನಮೂನಿದು ರಿ ಕಾಕಾ, ಒಂಬತ್ತು ಎಂಎಂ. ಇದನ್ನ ಕಟ್ಟಿಕೊಂಡು ಹೋಗ್ತೀನಿ. ಒಂದಿಷ್ಟು ಗಟ್ಟಿ ಮಾಡಿಕೊಡ್ರಿ."

ಒರೆಯ ಬಾಯಿಗೆ ಹೆಬ್ಬೆರಳು ಒತ್ತಿ ನೋಡಿದೆ. ತೊಗಲು ಒಳಕ್ಕೆ ಮಡಚಿಕೊಂಡಿತು. ಇದು ಜೀವಕ್ಕೆ ಅಪಾಯ. ಪಿಸ್ತೂಲನ್ನು ವಾಪಸ್ ಇಡುವಾಗ ಆ ಮಡಿಕೆ ಟ್ರಿಗರ್‌ಗೆ ಸಿಕ್ಕರೆ ಗುಂಡು ಹಾರಿ ತೊಡೆಗೇ ಬೀಳುತ್ತದೆ. ಹಳೆಯ ತೊಗಲಿಗೆ ಎಣ್ಣೆ ಹಚ್ಚಿ ಹೊಳಪು ತರಬಹುದು, ಬಿಗಿ ತರಲಾಗುವುದಿಲ್ಲ. ಆಗುವುದಿಲ್ಲ ಎಂದುಬಿಟ್ಟೆ. ಅವಳ ಮುಖ ಸಣ್ಣದಾಯಿತು.

"ಹಂಗಾರ ಅಪ್ಪಾರದ ಅಳತಿ ಮ್ಯಾಲೆ ಹೊಸಾದು ಹೊಲೀರಿ."

ನಮ್ಮಲ್ಲಿ ಒಂದು ರೂಢಿ ಇತ್ತು. ಗಿರಾಕಿಯ ಸೊಂಟ, ತೋಳು, ಕೈ ನೋಡಿ ಕಂದು ಕಾಗದದಲ್ಲಿ ಅಚ್ಚು ಕತ್ತರಿಸುವುದು, ಮೇಲೆ ಹೆಸರು ಬರೆದು ತಂತಿಗೆ ಪೋಣಿಸುವುದು. ಬಸವರಾಜರ ಅಚ್ಚು ಅಲ್ಲೇ ಇತ್ತು. ತೆಗೆದು ಧೂಳು ಕೊಡವಿ ಅದರ ಮೇಲೆಯೇ ಕತ್ತರಿಸಿದೆ. ಅರ್ಧ ಪ್ರೀತಿ, ಅರ್ಧ ಕೆಲಸ ಉಳಿಯಿತೆಂಬ ಲೆಕ್ಕಾಚಾರ. ಹೆಣ್ಣುಮಗಳ ಸೊಂಟಕ್ಕೆ ಟೇಪು ಹಿಡಿಯುವುದು ಹೇಗೆಂಬ ಸಂಕೋಚ ಬೇರೆ. ಮೂವತ್ತು ವರ್ಷದ ಕಸುಬುದಾರ, ಗಿರಾಕಿಯನ್ನು ಅಳೆಯದೆ ಹೊಲಿಸಿದೆ.

ಎರಡು ಸಾವಿರದ ಆರುನೂರು ಕೊಟ್ಟು ಒಯ್ದ ದಿನ ಕನ್ನಡಿಯ ಮುಂದೆ ನಿಂತು ಖುಷಿಪಟ್ಟಳು. ಐದು ದಿನಕ್ಕೆ ಮರಳಿ ಬಂದಳು. ಬಲಪಕ್ಕೆಯ ಮೇಲೆ ಕೈ ಇಟ್ಟುಕೊಂಡೇ ಕೂತಳು. ಪಿಸ್ತೂಲಿನ ಹಿಡಿ ಪಕ್ಕೆಲುಬಿಗೆ ಒತ್ತಿ ಚರ್ಮ ಕಂದಿತ್ತಂತೆ. ನಿಂತಾಗ ಮೂರು ಸೆಕೆಂಡು. ಕಾರಿನಲ್ಲಂತೂ ಪಿಸ್ತೂಲು ಹೊರಗೇ ಬಂದಿರಲಿಲ್ಲ.

"ತಪ್ಪು ನಂದ ರಿ ಕಾಕಾ. ಅಪ್ಪಾರು ಹ್ಯಾಂಗ ತಗೀತಿದ್ರೋ ಹಂಗ ತಗ್ಯಾಕ ಬರವಲ್ದು. ಇನ್ನೊಂದಿಷ್ಟು ಪ್ರಾಕ್ಟೀಸ್ ಮಾಡ್ತೀನಿ."

ತಪ್ಪು ಯಾರದೆಂದು ನನಗೆ ಆಗಲೇ ಗೊತ್ತಾಗಿತ್ತು. ಬಾಯಿಬಿಡಲಿಲ್ಲ. ಬೆಲ್ಟು ತೂರಿಸುವ ಪಟ್ಟಿ ಬಿಚ್ಚಿಸಿ, ಒರೆ ಒಂದೂವರೆ ಇಂಚು ಕೆಳಗೆ ಬರುವಂತೆ ಮತ್ತೆ ಹೊಲಿಸಿದೆ. ತೊಗಲನ್ನು ನೆನೆಸಿ ಆಕಾರಕ್ಕೆ ಕೂರಿಸಲು ಅಂಗಡಿಯಲ್ಲಿ ಕಟ್ಟಿಗೆಯ ಪಿಸ್ತೂಲು ಇರುತ್ತದೆ. ಅದನ್ನು ಕೊಟ್ಟು ತೆಗೆಯಲು ಹೇಳಿದೆ. ನಿಂತಾಗ ಸಲೀಸಾಗಿ ಬಂತು. ಪಕ್ಕೆಗೂ ತಾಗಲಿಲ್ಲ. ಗೆದ್ದೆ ಅಂದುಕೊಂಡು ಹಿಂದಿನ ಗಲ್ಲಿಯಲ್ಲಿ ನಿಲ್ಲಿಸಿದ್ದ ನನ್ನ ಕಾರಿನ ಮುಂದಿನ ಎಡ ಸೀಟಿನಲ್ಲಿ ಕೂರಿಸಿ, ಸೀಟ್ ಬೆಲ್ಟು ಹಾಕಿಸಿದೆ. ಆ ಸೀಟಿನ ಬೆಲ್ಟಿನ ಕೊಂಡಿ ಸಿಕ್ಕಿಸುವುದು ಬಲಸೊಂಟದ ಹತ್ತಿರ. ಕೆಳಗಿಳಿಸಿದ ಒರೆ ಸರಿಯಾಗಿ ಅದರ ಕೆಳಗೇ ಸಿಕ್ಕಿಕೊಂಡಿತು. ಎಳೆದಷ್ಟೂ ಮೊಣಕೈ ಸೀಟಿಗೆ ಬಡಿಯಿತು.

ಗಲ್ಲಿಯ ಚಹಾದವನು ಕೆಟಲ್ ಹಿಡಿದೇ ನೋಡುತ್ತಿದ್ದ. "ಕ್ಯಾ ಸೇಟ್, ಪಿಕ್ಚರ್ ಕಾ ಶೂಟಿಂಗ್ ಹೈ ಕ್ಯಾ? ಹೀರೋಯಿನ್ ಕಾ ಗನ್ ಇಚ್ ನೈ ನಿಕಲ್‌ರಾ."

ಸಿನಿಮಾ ಶೂಟಿಂಗಾ, ಹೀರೋಯಿನ್ನಿನ ಗನ್ನೇ ಹೊರಬರುತ್ತಿಲ್ಲ ಎಂಬ ಅವನ ಗೇಲಿಗೆ ವಿಜಯಾ ನಗಲಿಲ್ಲ. ಕಾರಿನಿಂದ ಇಳಿಯಲೂ ಇಲ್ಲ. "ಏಳು ದಿನ ಉಳದಾವ್ರಿ" ಎಂದಳು.

ಅವಳನ್ನು ಹಾಗೆಯೇ ಕರೆದುಕೊಂಡು ತಾರ್ನಾಕದ ನಮ್ಮ ಮನೆಗೆ ಹೋದೆ. ನನ್ನ ಹೆಂಡತಿ ಗಂಗಾ ಓಣಿಯ ಹೆಣ್ಣುಮಕ್ಕಳಿಗೆ ಜಂಪರು ಹೊಲಿಯುವಾಕೆ. ಅಳತೆ ತೆಗೆದುಕೊಡು ಎಂದೆ. ಕಥೆ ಕೇಳಿ ಹಣೆ ಬಡಿದುಕೊಂಡಳು.

"ಅಲ್ರೀ, ಗಂಡಸರ ಸೊಂಟ ಡ್ರಮ್ ಇದ್ದಂಗ, ಎಲ್ಲಿ ಕಟ್ಟಿದ್ರೂ ನೆಟ್ಟಗ ನಿಲ್ತೈತಿ. ಹೆಣ್ಮಕ್ಕಳದು ಗಡಿಗಿ ಇದ್ದಂಗ. ಕೆಳಗ ಅಗಲ, ಮ್ಯಾಲೆ ಸಣ್ಣ. ಕೆಳಗಿನ ತುದಿ ಹೊರಗ ಬಂದ್ರ ಮ್ಯಾಲಿನ ತುದಿ ಪಕ್ಕೀಗೆ ಚುಚ್ಚಲಾರದ ಏನ್ ಮಾಡ್ತೈತಿ? ಮೂವತ್ತು ವರ್ಷ ಪೊಲೀಸರ ಹೊಟ್ಟಿ ನೋಡಿ ನೋಡಿ ನಿಮಗ ಇದೂ ತಿಳೀದಂಗ ಆತ?"

ಟೇಪು ತರಲು ಕಪಾಟು ತೆಗೆಯಬೇಕಿತ್ತು. ಎಡಸೊಂಟಕ್ಕೆ ಸಿಗಿಸಿದ್ದ ಕೀಲಿಗೊಂಚಲನ್ನು ಗಂಗಾ ಬಲಗೈಯಿಂದ ಸರಕ್ಕನೆ ಎಳೆದುಕೊಂಡಳು. ದಿನಕ್ಕೆ ನಲವತ್ತು ಸಲ ಕಂಡಿದ್ದ ಕೆಲಸ, ಅವತ್ತು ಮೊದಲ ಸಲ ನೋಡಿದೆ.

"ಅದನ್ನ ಬಲಕ್ಕ ಯಾಕ ಸಿಗಸಂಗಿಲ್ಲ ನೀ?"

"ಬಲಕ್ಕ ಸಿಗಸಿ ಬಲಗೈಲೆ ತಗೀಬೇಕಂದ್ರ ಮೊಳಕೈ ಹಿಂದ ಹೋಗ್ಬೇಕು. ಅಡಗಿಮನ್ಯಾಗ ಗ್ವಾಡಿಗೆ ಬಡೀತೈತಿ. ನಮ್ಮವ್ವನೂ ಎಡಕ್ಕ ಸಿಗಸ್ತಿದ್ಲು."

ಗಂಗಾಳನ್ನು ಕುರ್ಚಿಯ ಮೇಲೆ ಕೂರಿಸಿ ಮತ್ತೆ ತೆಗೆಸಿದೆ. ಕೈ ಹೊಟ್ಟೆಯ ಮುಂದಿನಿಂದ ಹಾದು ಬಂತು. ಮೊಣಕೈ ಎಲ್ಲಿಯೂ ತಗುಲಲಿಲ್ಲ. ನಮ್ಮ ಕಸುಬಿನಲ್ಲಿ ಇದಕ್ಕೆ ಕ್ರಾಸ್ ಡ್ರಾ ಎನ್ನುತ್ತಾರೆ: ಒರೆ ಎಡಸೊಂಟದ ಮುಂಭಾಗದಲ್ಲಿ, ಹಿಡಿ ಬಲಕ್ಕೆ ಮುಖಮಾಡಿ. ಕೇಳುವವರು ಕಡಿಮೆ ಎಂದು ವರ್ಷಗಟ್ಟಲೆ ಹೊಲಿದಿರಲಿಲ್ಲ.

ವಿಜಯಾಳಿಗೆ ವಿವರಿಸಿದೆ. ಒಪ್ಪಲಿಲ್ಲ.

"ಬ್ಯಾಡ್ರಿ ಕಾಕಾ. ಬಲಕ್ಕ ಇರ್ಲಿ."

"ಬಲಕ್ಕ ಆಗಂಗಿಲ್ಲವ್ವ. ನೋಡಿದೆಲ್ಲ."

ವಿಜಯಾ ಗಂಗಾಳ ಕಡೆ ತಿರುಗಿ ಹೇಳಿದಳು: "ಕಾಕು, ಅಪ್ಪಾರು ಡ್ಯೂಟಿಗೆ ಹೋಗುವಾಗ ಕನ್ನಡಿ ಮುಂದ ನಿಂತು ಹಿಂಗ ಬಲ ಮೊಳಕೈ ಎತ್ತಿ ಒಂದ್ಸಲ ನೋಡ್ಕೋತಿದ್ರು. ನಾ ಬಾಗಲದಾಗ ನಿಂತು ನೋಡ್ತಿದ್ದೆ. ಈಗ ನಾ ಮೊಳಕೈ ಎತ್ತಿದ್ರ ಕನ್ನಡ್ಯಾಗ ಅವರ ಕಾಣ್ತಾರ. ಆ ಒಂದು ಚಣ ಅಷ್ಟ ರಿ. ಎಡಕ್ಕ ಹಾಕಿದ್ರ ಅದೂ ಹೋಗ್ತೈತಿ."

ಗಂಗಾ ಟೇಪನ್ನು ಬೆರಳಿಗೆ ಸುತ್ತಿಕೊಂಡಳು. ನನಗೂ ಅಂಗಡಿಯ ಬಾಗಿಲಲ್ಲಿ ನಿಂತ ಬಸವರಾಜರು ಕಣ್ಣಿಗೆ ಕಟ್ಟಿದರು. ಆದರೆ ಪರೀಕ್ಷೆ ಇದ್ದದ್ದು ಅವಳಿಗೆ. ಪರೀಕ್ಷೆ ಮುಗಿದ ಮೇಲೆ ಎದುರಿಗೆ ನಿಜವಾದ ಗುಂಡು ಇರಬಹುದು. ಅದಕ್ಕೇ ಹೇಳಿದೆ:

"ವಿಜಯವ್ವ, ನಿಮ್ಮ ಅಪ್ಪಾರಿಗೆ ಆ ಎತ್ತರ ಯಾಕ ಇಟ್ಟೆ, ಗೊತ್ತೇನು? ಅವರು ಇಡೀ ಸರ್ವೀಸ್ ಗೇಟಿನ ಮುಂದ ನಿಂತ ಕಳದ್ರು. ನಿಂತಾಂವಗ ಬೇಕಾದಂಗ ಹೊಲಿದೆ. ನೀ ಕುಂತು ಕೆಲಸ ಮಾಡಾಕಿ. ಅವರೇನರ ಕಾರಿನ್ಯಾಗ ಕುಂತಿದ್ರ ನನ್ನ ಕಡೆ ಜಗಳಾಡಿ ಎಡಕ್ಕ ಹೊಲಿಸ್ಕೋತಿದ್ರು. ಅದಕ್ಕೂ ನಲವತ್ತು ರೂಪಾಯಿ ಕಡಿಮಿ ಕೇಳ್ತಿದ್ರು."

ಅವಳಿಗೆ ನಗು ಬಂತು, ಅದರ ಹಿಂದೆಯೇ ಅಳುವೂ ಬಂತು. ಎರಡೂ ಮುಗಿಯುವವರೆಗೆ ಕಾದೆವು. ಕಣ್ಣೊರೆಸಿಕೊಂಡು, "ಹೊಲೀರಿ" ಎಂದಳು.

ಮೊದಲು ತರಬೇತಿ ಅಧಿಕಾರಿಯ ಒಪ್ಪಿಗೆ ತರಲು ಹೇಳಿದೆ. ಅವರದು ಒಂದೇ ಷರತ್ತು: ನಳಿಗೆಯ ಬಾಯಿ ಹಿಂದಿನ ಸೀಟಿನ ಕಡೆ ತಿರುಗಬಾರದು, ಕಾಪಾಡಬೇಕಾದವರು ಕೂರುವುದೇ ಅಲ್ಲಿ. ಅದಕ್ಕೆ ಒರೆಯನ್ನು ಹೆಚ್ಚು ವಾಲಿಸದೆ, ನಳಿಗೆ ನೆಲದ ಕಡೆಯೇ ಇರುವಂತೆ ಕೂರಿಸಿದೆ. ಗಂಗಾ ಅಳತೆ ಹಿಡಿದಳು, ನಾನು ಹೊಸ ಅಚ್ಚು ಕತ್ತರಿಸಿದೆ. ಆ ಹೊತ್ತಿಗೆ ಹೊಲಿಗೆಯನ್ನು ಕೆಲಸಗಾರರಿಗೆ ಬಿಟ್ಟು ಗಲ್ಲಾಪೆಟ್ಟಿಗೆಯ ಮುಂದೆ ಕೂತು ಹತ್ತು ವರ್ಷವಾಗಿತ್ತು. ಇದನ್ನು ಮಾತ್ರ ನಾನೇ ಹೊಲಿದೆ. ಬೆರಳು ಮರೆತಿರಲಿಲ್ಲ, ಕಣ್ಣು ಮಾತ್ರ ತಕರಾರು ಮಾಡಿತು. ಮೂರನೆಯ ದಿನ ಒಯ್ದಳು. ಉಳಿದ ನಾಲ್ಕು ದಿನ ಅದರಲ್ಲೇ ಅಭ್ಯಾಸ.

ಪರೀಕ್ಷೆಯ ದಿನ ಮಧ್ಯಾಹ್ನ ಫೋನು ಬಂತು.

"ಕಾಕಾ, ಆತ್ರಿ."

"ಕಾರಿನ್ಯಾಗ ಎಷ್ಟು?"

"ಎರಡರೊಳಗ ರಿ." ಅದರ ಬೆನ್ನಿಗೇ, "ಕೈ ಹ್ಯಾಂಗ ಹೋತು ಅನ್ನೋದ ಗೊತ್ತಾಗ್ಲಿಲ್ಲ. ಅಪ್ಪಾರ ನೆನಪೂ ಬರ್ಲಿಲ್ಲ. ಈಗ ಮನಿಗೆ ಬಂದ ಮ್ಯಾಲೆ ಬರಾಕತ್ತೈತಿ" ಎಂದಳು. ಊಟ ಮಾಡವ್ವ ಎಂದು ಫೋನು ಇಟ್ಟೆ.

ಈಗ ಅಂಗಡಿಯನ್ನು ಬೇರೆಯವರು ನಡೆಸುತ್ತಾರೆ. ಒರೆಗಳು ಪ್ಲಾಸ್ಟಿಕ್ಕಿನವು, ಡಬ್ಬಿಯಲ್ಲಿ ಬರುತ್ತವೆ. ಕೆಟ್ಟವೆಂದು ನಾನು ಹೇಳುವುದಿಲ್ಲ, ಕೆಲವು ನನ್ನವಕ್ಕಿಂತ ಗಟ್ಟಿ. ರಸ್ತೆಯಲ್ಲಿ ಗಣ್ಯರ ಕಾರುಗಳ ಸಾಲು ಹೋದರೆ ಮಾತ್ರ ನಿಲ್ಲುತ್ತೇನೆ. ಮುಂದಿನ ಎಡ ಸೀಟಿನಲ್ಲಿ ಹೆಣ್ಣುಮಗಳು ಕೂತಿದ್ದಾಳೆಯೇ ಎಂದು ನೋಡುತ್ತೇನೆ. ಗಾಜು ಕಪ್ಪು, ಏನೂ ಕಾಣುವುದಿಲ್ಲ.

ಲೈಸೆನ್ಸು ಇದ್ದು, ಕೆಲಸಕ್ಕೆಂದು ಹೋಲ್‌ಸ್ಟರು ಬೇಕಾದವರಿಗೆ ನನ್ನ ಮಾತು ಇಷ್ಟು. ಅಂಗಡಿಗೆ ಹೋಗುವಾಗ ಡ್ಯೂಟಿಯಲ್ಲಿ ಹಾಕುವ ಬಟ್ಟೆ, ಬೆಲ್ಟುಗಳಲ್ಲೇ ಹೋಗಿ. ಬೆಲ್ಟು ಮೆತ್ತಗಿದ್ದರೆ ಎಂಥ ಒರೆಯೂ ಜೋಲುತ್ತದೆ, ಮೊದಲು ಅದನ್ನು ಬದಲಿಸಿ. ಟ್ರಿಗರ್ ಪೂರ್ತಿ ಮುಚ್ಚಿರಬೇಕು. ಪಿಸ್ತೂಲು ಹೊರಬಂದ ಮೇಲೂ ಒರೆಯ ಬಾಯಿ ತೆರೆದೇ ನಿಲ್ಲಬೇಕು, ಹೆಬ್ಬೆರಳಿಗೆ ಮಡಚಿದರೆ ಅದು ಎಷ್ಟು ಹಳೆಯ ನಂಟಿನದಾದರೂ ಕಪಾಟಿನಲ್ಲಿರಲಿ. ನಿಮ್ಮ ದಿನ ಕುರ್ಚಿಯಲ್ಲಿ ಕಳೆಯುವುದಾದರೆ ಕುರ್ಚಿ ಕೇಳಿ, ಕಾರಿನಲ್ಲಾದರೆ ಕಾರಿನಲ್ಲಿ ಕೂತು ಸೀಟ್ ಬೆಲ್ಟು ಹಾಕಿ ನೋಡಿ. ಅಂಗಡಿಯವನು ಸಂಕೋಚಪಟ್ಟರೆ ಅವನ ಮನೆಯವರನ್ನು ಕರೆಸಿ ಅಳತೆ ಕೊಡಿ. ಆಮೇಲೆ ಮನೆಯಲ್ಲಿ ಪಿಸ್ತೂಲು ಖಾಲಿಯೆಂದು ಎರಡು ಸಲ ಖಚಿತ ಮಾಡಿಕೊಂಡು, ಗುಂಡುಗಳನ್ನು ಬೇರೆ ಕೋಣೆಯಲ್ಲಿಟ್ಟು, ಗೋಡೆಯ ಕಡೆ ಮುಖ ಮಾಡಿ ನಿಧಾನವಾಗಿ ಐವತ್ತು ಸಲ ತೆಗೆದಿಡಿ. ಕನ್ನಡಿ ಬೇಡ. ಐವತ್ತೊಂದನೆಯ ಸಲ ಕೈ ಯಾರನ್ನೂ ನೆನೆಯದೆ ತಾನೇ ಹೋದರೆ ಆ ಒರೆ ನಿಮ್ಮದು. ಹೋಗದಿದ್ದರೆ ಮರುದಿನವೇ ಅಂಗಡಿಗೆ ಒಯ್ದು ಬಿಚ್ಚಿಸಿ ಹೊಲಿಸಿಕೊಳ್ಳಿ.