ತಾನಾಗಿ ತಿಳಿಯಾದ ಬಕೆಟ್

ಫೆಬ್ರವರಿ ಹನ್ನೊಂದು, ಮಧ್ಯಾಹ್ನ ಎರಡು ಗಂಟೆ ಹತ್ತು ನಿಮಿಷ. ಮೂರು ವರ್ಷದ ಹಿಂದಿನ ನನ್ನ ದಿನಚರಿಯಲ್ಲಿ ಹೀಗಿದೆ. ಅಲ್ಲಿಯವರೆಗೆ ಯಾರಾದರೂ ವಿಚಿತ್ರ ಕಂಡೆ ಎಂದರೆ, ಇವರು ಗಡಿಯಾರ ನೋಡಿರಲಿಕ್ಕಿಲ್ಲ ಎಂದುಕೊಳ್ಳುತ್ತಿದ್ದೆ.

ಕುಮಟಾ ಹತ್ತಿರದ ಬಾಡದಲ್ಲಿ ಮಂಗಲಕ್ಕ ಭಟ್ಕಳದ ಅಂಗಡಿಗಳಿಗಾಗಿ ಬಟ್ಟೆಗೆ ಬಣ್ಣ ಹಾಕುತ್ತಾರೆ. ಅವರ ಶೆಡ್ಡಿನ ಕೆಂಪು ನೀರು ಪಕ್ಕದ ಮನೆ ಸಾವಿತ್ರಮ್ಮನ ಬಾವಿಗೆ ಇಳಿದಿತ್ತು. ನೀರನ್ನು ತಿಳಿ ಮಾಡಿ ತೋರಿಸದಿದ್ದರೆ ಕೆಲಸ ಬಂದ್ ಎಂದಿದ್ದ ಪಂಚಾಯಿತಿಯವರು ಮರುದಿನ ಹತ್ತಕ್ಕೆ ನೋಡಲು ಬರುವವರಿದ್ದರು. ರಸಾಯನಶಾಸ್ತ್ರ ಓದಿದವನೆಂದು ಅಕ್ಕ ನನ್ನನ್ನು ಕರೆಸಿದ್ದರು.

ಉಪಾಯ ಸರಳ. ಬಣ್ಣದ ನೀರಿಗೆ ಉಪ್ಪು ಬೆರೆಸಿ, ಎರಡು ಗ್ರಾಫೈಟ್ ಪಟ್ಟಿ ಇಳಿಬಿಟ್ಟು ವಿದ್ಯುತ್ ಹಾಯಿಸಿದರೆ, ಉಪ್ಪಿನಿಂದ ಕ್ಲೋರಿನ್ ಹುಟ್ಟಿ ಬಣ್ಣವನ್ನು ಒಡೆಯುತ್ತದೆ. ಎರಡೂ ಹತ್ತಕ್ಕೆ ಒಂದು ತೊಟ್ಟಿಗೆ ಹಾಗೆ ಮಾಡಿದೆ. ಹೋಲಿಕೆಗೆಂದು ಅದೇ ನೀರಿಗೆ ಅದೇ ಅಳತೆಯಲ್ಲಿ ಉಪ್ಪು ಬೆರೆಸಿ ಒಂದು ಬಕೆಟ್ ತುಂಬಿ, ಹತ್ತು ಹೆಜ್ಜೆ ದೂರದ ನೆರಳಿನಲ್ಲಿಟ್ಟೆ. ಅದಕ್ಕೆ ತಂತಿಯಿಲ್ಲ. ಕಾಲು ಗಂಟೆಗೊಮ್ಮೆ ಎರಡರಲ್ಲೂ ಬಿಳಿ ಬಟ್ಟೆಯ ಚೂರು ಅದ್ದಿ, ಸಮಯ ಬರೆದು ಸಾಲಾಗಿ ಒಣಹಾಕುತ್ತಿದ್ದೆ.

ಮೂರೂ ಹತ್ತಕ್ಕೆ ತೊಟ್ಟಿ ತಿಳಿಯಾಗಿತ್ತು. ಬ್ಲೀಚಿಂಗ್ ಪುಡಿಯಂಥ ವಾಸನೆ. ಇದು ನಾನು ನಿರೀಕ್ಷಿಸಿದ್ದೇ. ಬಕೆಟ್ ಕಡೆ ತಿರುಗಿದರೆ ಅದರ ತಳವೂ ಕಾಣುತ್ತಿತ್ತು. ಬಕೆಟ್ಟಿನ ಮೊದಲ ಮೂರು ಚೂರು ಕೆಂಪು, ನಾಲ್ಕನೆಯದು ಅಚ್ಚ ಬಿಳಿ. ವಾಸನೆಯಿಲ್ಲ, ತಳದಲ್ಲಿ ಮಡ್ಡಿಯಿಲ್ಲ. ನೀರಿನ ಮಟ್ಟಕ್ಕೆ ನಾನೆಳೆದ ಗೆರೆಯಿಂದ ಒಂದು ಹನಿ ಹೆಚ್ಚಿಲ್ಲ, ಕಡಿಮೆಯಿಲ್ಲ. ನಾನೂ ಅಕ್ಕನೂ ಅಲ್ಲಿಂದ ಕದಲಿರಲಿಲ್ಲ, ಮೂರನೆಯವರು ಬಂದಿರಲಿಲ್ಲ.

“ಹಾಂಗಾರೆ ಕರೆಂಟ್ ಬಿಲ್ ಎಂತಕ್ಕೆ ಕಟ್ಟೂದಾ? ನಿನ್ನ ಓದಿಗಿಂತ ನನ್ನ ಬಕೆಟ್ಟೇ ಹುಷಾರು!” ಎಂದು ಅಕ್ಕ ನಕ್ಕರು. ನಾನು ನಗದಿದ್ದುದನ್ನು ಕಂಡು ದನಿ ತಗ್ಗಿಸಿದರು. “ತಮಾ, ನಾಳೆ ಅವ್ರ ಹತ್ರ ಬಕೆಟ್ ಸುದ್ದಿ ತೆಗಿಬೇಡ ಮಾರಾಯ. ನನ್ನ ಅನ್ನಕ್ಕೆ ಕಲ್ಲು ಬೀಳ್ತದೆ.”

ನಾನು ಸುದ್ದಿ ತೆಗೆಯಲಿಲ್ಲ. ಮರುದಿನ ಅವರೆದುರು ಎರಡನ್ನೂ ಹೊಸದಾಗಿ ತುಂಬಿ ತೋರಿಸಿದಾಗ ತೊಟ್ಟಿ ತಿಳಿಯಾಯಿತು, ಬಕೆಟ್ ಕೆಂಪಾಗೇ ಉಳಿಯಿತು. “ಆತು, ನಡಸಿ” ಎಂದು ಹೋದರು. ವಿದ್ಯುತ್ತಿನಿಂದಲೇ ಬಣ್ಣ ಹೋಗುತ್ತದೆ ಎಂಬ ಹಾಳೆಗೆ ಸಹಿ ಹಾಕಿದವನು ನಾನು. ಆಮೇಲೆ ಹತ್ತೊಂಬತ್ತು ಸಲ ಮಾಡಿ ನೋಡಿದ್ದೇನೆ. ಹತ್ತೊಂಬತ್ತು ಸಲವೂ ತೊಟ್ಟಿ ತಿಳಿ, ಬಕೆಟ್ ಕೆಂಪು. ಲೆಕ್ಕ ನನ್ನ ಪರವಾಗಿದೆ, ಮನಸ್ಸು ಮಾತ್ರ ಒಪ್ಪುವುದಿಲ್ಲ. ಆ ಒಂದು ದಿನ ಬಕೆಟ್ಟಿನಲ್ಲಿ ನಡೆದದ್ದೇ ತೊಟ್ಟಿಯಲ್ಲೂ ನಡೆದಿರಲಿಕ್ಕಿಲ್ಲ ಎಂದು ಹೇಗೆ ಹೇಳಲಿ?

ಸಾವಿತ್ರಮ್ಮ ಮತ್ತೆ ಅದೇ ಬಾವಿಯಿಂದ ನೀರು ಸೇದುತ್ತಿದ್ದಾರೆ. ಮೊನ್ನೆ ಹೋದಾಗ ಒಂದು ಲೋಟ ತಂದು ಕೈಗಿತ್ತರು. “ಕುಡಿ ತಮಾ, ನೀನೇ ಚೊಕ್ಕ ಮಾಡಿದ ನೀರು.” ಕುಡಿದೆ. ಮನೆಗೆ ಬಂದವನು ಇದನ್ನು ಬರೆಯಲು ಕುಳಿತೆ.

ಉಪ್ಪು ಬೆರೆಸಿದ ಬಣ್ಣದ ನೀರು ತಂತಿಯಿಲ್ಲದೆ, ಬಿಸಿಲಿಲ್ಲದೆ ಕಾಲು ಗಂಟೆಯಲ್ಲಿ ತಿಳಿಯಾದದ್ದನ್ನು ನಿಮ್ಮಲ್ಲಿ ಯಾರಾದರೂ ಕಂಡಿದ್ದರೆ ದಯವಿಟ್ಟು ಬರೆಯಿರಿ. ಆ ಬಣ್ಣ ಎಲ್ಲಿಗೆ ಹೋಯಿತು ಎಂಬುದಷ್ಟೇ ನನಗೆ ತಿಳಿಯಬೇಕು.