ಕಿರ್ಪ ಎಂದರೆ ಒಣ

ಪುತ್ತೂರಿನ ಹತ್ತಿರದ ನಮ್ಮ ಕಬಕದಲ್ಲಿ ಗುಟ್ಟು ಮಾತಾಡುವುದು ಸುಲಭವಲ್ಲ. ತುಳು ಎಲ್ಲರಿಗೂ ಗೊತ್ತು. ಬ್ಯಾರಿಯೋ ಮಲಯಾಳವೋ ಆದರೆ ಅರ್ಧ ಊರಿಗೆ ಗೊತ್ತು. ಅದಕ್ಕೇ ಐವತ್ತರ ದಶಕದ ಕೊನೆಯ ಒಂದು ಮಳೆಗಾಲದಲ್ಲಿ ನನ್ನ ಅಕ್ಕ ಸುಮತಿ ಹೊಸ ಭಾಷೆಯನ್ನೇ ಕಟ್ಟಿದಳು. ಭಾಷೆ ಹುಟ್ಟಲು ಸಾವಿರಾರು ವರ್ಷ ಬೇಕೆಂದು ಪಂಡಿತರು ಹೇಳುತ್ತಾರೆ. ಪಾಪ, ಅವರು ನನ್ನಕ್ಕನನ್ನು ನೋಡಿರಲಿಲ್ಲ.

ಒಲೆಯ ಮೇಲಿನ ಹಗ್ಗಕ್ಕೆ ಬಟ್ಟೆ ಹರವುತ್ತಾ ಅವಳು ಮಾಡಿದ ಮೊದಲ ಶಬ್ದ ‘ಕಿರ್ಪ’. ಎಂದರೆ ಒಣ. ಕಿರ್ಪಮೆ ಎಂದರೆ ಒಣತನ, ಕಿರ್ಪಣಿ ಎಂದರೆ ಮೈ ಒರಸುವ ಬೈರಾಸು. ಒದ್ದೆಗೆ ಸ್ವಂತ ಶಬ್ದವಿಲ್ಲ. ಅದು ಬರೀ ‘ನೆಕಿರ್ಪ’, ಒಣ ಅಲ್ಲದ್ದು.

“ಊರಿಡೀ ಒದ್ದೆ ಉಂಟು. ಒದ್ದೆಗೇ ಮೊದಲು ಹೆಸರು ಬೇಡ್ವಾ?” ಎಂದೆ.

“ನಮಗೆ ಬೇಕಾದ್ದು ಒಣ ಬಟ್ಟೆ ಅಲ್ವಾ? ಬೇಕಾದ್ದಕ್ಕೆ ಮೊದಲು ಹೆಸರಿಡುದು,” ಎಂದಳು.

ನಗಲು ಬಾರದ ಮನುಷ್ಯ ‘ಕಿರ್ಪಾಳ’. ಅಕ್ಕನನ್ನು ನೋಡಲು ಬಂದ ಮೊದಲಿಬ್ಬರು ವರರಿಗೂ ಈ ಬಿರುದು ಸಿಕ್ಕಿ, ಎರಡೂ ಸಂಬಂಧ ಮುರಿದಿದ್ದವು. ಮೂರನೆಯವರು ಸುಳ್ಯದಾಚೆಯ ಅರಂತೋಡಿನ ಶಾಲೆಯ ಮೇಷ್ಟ್ರು; ತಾಯಿಯೊಂದಿಗೆ ಬಂದಿದ್ದರು. ಈ ಸಲ ಒಲ್ಲೆ ಎನ್ನಕೂಡದೆಂದು ಅಪ್ಪ ಮೊದಲೇ ಗದರಿದ್ದರು.

ಕಾಫಿ ಇಡುತ್ತಾ ಅಕ್ಕ ನನ್ನತ್ತ ತಿರುಗಿ, “ಕಿರ್ಪಾಳ?” ಎಂದಳು. ಮೇಷ್ಟ್ರ ಬಿಗಿದ ಮುಖ ನೋಡಿ ನಾನೂ “ಕಿರ್ಪಾಳ” ಎಂದೆ.

“ಅದು ಎಂತ ಭಾಷೆ?” ವರನ ತಾಯಿ ಹುಬ್ಬೇರಿಸಿದರು. ಅಪ್ಪನ ಮುಖ ಬಿಳುಚಿತು.

“ನಾನೇ ಮಾಡಿದ್ದು,” ಎಂದಳು ಅಕ್ಕ, ತಲೆ ತಗ್ಗಿಸದೆ. ಕಿರ್ಪದಿಂದ ಹಿಡಿದು ನೆಕಿರ್ಪದವರೆಗೆ ಎಲ್ಲವನ್ನೂ ವಿವರಿಸಿದಳು, ಕಿರ್ಪಾಳ ಒಂದನ್ನು ಬಿಟ್ಟು.

ಮೇಷ್ಟ್ರು ಲೋಟ ಕೆಳಗಿಟ್ಟರು. “ಆಳ ಅಂದ್ರೆ ಮನುಷ್ಯನಾ?”

ಅಕ್ಕ ಸಣ್ಣಗೆ “ಹೌದು” ಎಂದಳು.

“ಹಾಗಾದ್ರೆ ನಿಮ್ಮ ತಂಗಿ ಹೇಳಿದ್ದು ತಪ್ಪು. ನಾನು ನೆಕಿರ್ಪಾಳ.”

ಅಕ್ಕ ಸೆರಗು ಬಾಯಿಗೆ ಒತ್ತಿಕೊಂಡರೂ ನಗು ಹೊರಬಿತ್ತು. ಅವರ ತಾಯಿಯೂ ನಕ್ಕರು. ನಮಗೇ ಹೊಳೆಯದ ಶಬ್ದವನ್ನು ಮೇಷ್ಟ್ರು ವ್ಯಾಕರಣ ತಪ್ಪದೆ ಕಟ್ಟಿದ್ದರು. ಅವರು ಹೋದ ಮೇಲೆ ಅಪ್ಪ ಹೆದರುತ್ತಲೇ ಕೇಳಿದರು: “ಎಂತ ಹೇಳುದು ಅವರಿಗೆ?”

“ಆಗ್ಬಹುದು ಹೇಳಿ,” ಎಂದಳು ಅಕ್ಕ.

ಮದುವೆಯಾದ ಮರುವರ್ಷ ಅರಂತೋಡಿಗೆ ಹೋಗಿದ್ದೆ. ಊಟಕ್ಕೆ ಕುಳಿತಾಗ ಭಾವ ಏನೋ ಅಂದರು, ಅಕ್ಕ ಏನೋ ಅಂದಳು, ಇಬ್ಬರೂ ನಕ್ಕರು. ನಮ್ಮದೇ ಕಿರ್ಪದ ಭಾಷೆಯಾದರೂ ನನಗೆ ಒಂದಕ್ಷರ ತಿಳಿಯಲಿಲ್ಲ.

“ಅದು ಈ ಕಡೆಯ ಮಾತು ಮಾರಾಯ್ತಿ, ನಿಂಗೆ ಗೊತ್ತಾಗ್ಲಿಕ್ಕಿಲ್ಲ,” ಎಂದಳು ಅಕ್ಕ.

ಒಂದು ಕ್ಷಣ ಹೊಟ್ಟೆ ಉರಿಯಿತು. ಆಮೇಲೆ ಹೊಳೆಯಿತು: ಮೂರೇ ಜನ ಆಡುವ ಭಾಷೆಗೆ ಆಗಲೇ ಪುತ್ತೂರು ಕಡೆಯದು, ಸುಳ್ಯ ಕಡೆಯದು ಎಂದು ಎರಡು ಬಗೆ! ಅದರಲ್ಲಿ ಪುತ್ತೂರಿನದನ್ನು ಈಗಲೂ ಆಡುವವಳು ಇಡೀ ಲೋಕದಲ್ಲಿ ನಾನೊಬ್ಬಳೇ. ಬೆನ್ನು ನೆಟ್ಟಗೆ ಮಾಡಿ ಕುಳಿತು, ಅದೇ ಶುದ್ಧ ಪುತ್ತೂರು ಶೈಲಿಯಲ್ಲಿ, ಇನ್ನೊಂದು ಸೌಟು ಸಾರು ಕೇಳಿದೆ.