ಹೊಸಬರ ಪಂದ್ಯ ಗೆದ್ದದ್ದು

ಮುಂಡರಗಿ ಬಸ್ಸಿನಲ್ಲಿ ನನ್ನ ಪಕ್ಕ ಕೂತಿದ್ದ ಹಿರಿಯ ಹೆಂಗಸು ಮೊಬೈಲಿನಲ್ಲಿ ಗಾಲ್ಫ್ ಆಡುತ್ತಿದ್ದರು. ನಾನು ಇಣುಕಿ ನೋಡುವುದನ್ನು ಕಂಡು, “ನಿನಗೂ ಬರತೈತೇನ ತಂಗಿ?” ಅಂದರು.

ನಾನು ಅದೇ ಆಟವನ್ನು ವರ್ಷಗಳಿಂದ ಆಡುತ್ತಿದ್ದೇನೆ. ಆದರೆ ಪಳಗಿದವರ ದರ್ಜೆಯಲ್ಲಿ ಸೋತು ಸೋತು ಬೇಸತ್ತಿದ್ದೆ. “ಇಲ್ರಿ ಅಕ್ಕಾರ” ಅಂದುಬಿಟ್ಟೆ.

“ಹಂಗಾರ ಹೊಸಬರ ಪಂದ್ಯ ಈಗ ಸುರು ಆಗತೈತಿ, ನೀನೂ ಸೇರು. ನಾ ಕಲಸ್ತೀನಿ.”

ಬೇರೆ ಹೆಸರಿನಲ್ಲಿ ಹೊಸ ಖಾತೆ ತೆರೆದು ಸೇರಿಕೊಂಡೆ. ಗಾಳಿ ಯಾವ ಕಡೆ ಬೀಸುತ್ತಿದೆ ಎಂದು ನೋಡಿ ಚೆಂಡು ಹೊಡೆಯುವುದನ್ನು ಅವರು ತಮ್ಮ ಆಟ ನಿಲ್ಲಿಸಿ ನಿಲ್ಲಿಸಿ ಹೇಳಿಕೊಟ್ಟರು. ಒಂದೆರಡು ಹೊಡೆತ ಬೇಕಂತಲೇ ತಪ್ಪಿಸೋಣ ಅಂದುಕೊಂಡಿದ್ದೆ, ಗೆಲ್ಲುವ ಆಸೆಗೆ ಕೈ ಕೇಳಲಿಲ್ಲ. ನಾನು ಮೊದಲು ಬಂದೆ. ಅವರು ಎರಡನೆಯವರು.

ಮುನಿಸಿಕೊಳ್ಳುತ್ತಾರೆ ಅಂದುಕೊಂಡರೆ, ಅಕ್ಕಾರು ಮಗಳಿಗೆ ಫೋನು ಹಚ್ಚಿದರು. “ಒಂದನೇ ನಂಬರ್ ನನಗ ತಪ್ಪಿತು, ಇರಲಿ ಬಿಡು. ನಾ ಕಲಿಸಿದಾಕಿನ ಗೆದ್ದಾಳ!” ಮುಂದಿನ ಸೀಟಿನವರೂ ತಿರುಗಿ ನನ್ನನ್ನು ಮೆಚ್ಚುಗೆಯಿಂದ ನೋಡಿದರು. ಸೀಟಿನ ಕೆಳಗೆ ಅಡಗಿಕೊಳ್ಳೋಣ ಅನಿಸಿತು. ನಿಜ ಹೇಳಲು ಬಾಯಿ ತೆರೆದೆ. ಅವರ ಖುಷಿ ನೋಡಿ ಮುಚ್ಚಿಕೊಂಡೆ.

ಮುಂಡರಗಿಯಲ್ಲಿ ಇಳಿದು ಹಮ್ಮಿಗಿ ಬಸ್ಸು ಹಿಡಿಯುವ ಗಡಿಬಿಡಿಯಲ್ಲೂ ಅವರು ನನ್ನ ಕೈ ಹಿಡಿದು ಹೇಳಿದರು: “ಗೆದ್ದವರನ್ನ ಮ್ಯಾಲಿನ ದರ್ಜೇಕ ಹಾಕ್ತಾರ, ಹುಷಾರು. ಅಲ್ಲಿ ಗೆಲ್ಲೂದು ಭಾಳ ಕಷ್ಟ ಐತಂತ.”

“ಹೌದ್ರಿ ಅಕ್ಕಾರ, ಭಾಳ ಕಷ್ಟ ಐತ್ರಿ” ಅಂದೆ.

ಆ ದಿನ ಅವರಿಗೆ ನಾನು ಹೇಳಿದ ಖರೆ ಮಾತು ಅದೊಂದೇ.